ಮುದುಕಿ ಬರಾಕತ್ತಾಳ, ಸಪ್ಪಳ ಮಾಡಬ್ಯಾಡ

ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಬದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ರಾತ್ರಿಗೂ ಹಗಲಿಗೂ ವ್ಯತ್ಯಾಸ ಉಳಿಯುವುದಿಲ್ಲ. ನಾಟಕ ಕಂಪನಿಗಳ ಮೈಕುಗಳು ಪೈಪೋಟಿಗೆ ಬಿದ್ದು ಜನರನ್ನು ಕರೆಯುತ್ತವೆ. ಬಣ್ಣದ ದೀಪ ಹೊತ್ತ ತೊಟ್ಟಿಲು ಸುತ್ತುತ್ತಲೇ ಇರುತ್ತದೆ. ಬನಶಂಕರಿಯ ಜಾತ್ರೆಗೆ ಬಂದವರು ನಡುರಾತ್ರಿ ದಾಟಿದ ಮೇಲೂ ಗಿರಮಿಟ್ಟು ತಿನ್ನುತ್ತ, ಮುಂದಿನ ಆಟದ ಟಿಕೆಟ್ಟಿಗೆ ನಿಂತಿರುತ್ತಾರೆ. ಇಷ್ಟು ಬೆಳಕು, ಇಷ್ಟು ಗದ್ದಲದ ಬೆನ್ನಿಗೇ, ಒಂದು ಮಿರ್ಚಿ ಭಜಿ ಅಂಗಡಿಯ ಹಿಂದೆ, ಇಬ್ಬರು ಹುಡುಗರು ಒಂದೇ ಮೊಬೈಲಿಗೆ ತಲೆ ಹಚ್ಚಿ ಕೂತಿದ್ದರು. ಇಯರ್‌ಫೋನಿನ ಒಂದು ತುದಿ ದೊಡ್ಡವನ ಕಿವಿಯಲ್ಲಿ, ಇನ್ನೊಂದು ಸಣ್ಣವನ ಕಿವಿಯಲ್ಲಿ.

"ಅಣ್ಣಾ, ಕೀಲಿ ಅಲ್ಲೇ ಐತಿ ನೋಡು, ತಗೋ."

"ತಗೊಂಡ್ರ ಕೈಯಾಗಿನ ಸುತ್ತಿಗಿ ಕೆಳಗ ಬೀಳತೈತಲೇ. ಸಪ್ಪಳಕ್ಕ ಮುದುಕಿ ಓಡಿ ಬರ್ತಾಳ."

"ಹಂಗಾರ ಸುತ್ತಿಗಿ ಒಳಗ ಇಟ್ಟ ಬಾ."

"ಅಲ್ಲೀತನಕಾ ಹ್ವಾದ್ರ ಆಕಿ ಎದುರಾದ್ರ?"

ಕೀಲಿಯೋ ಸುತ್ತಿಗೆಯೋ ಎಂಬ ತಕರಾರು ಮುಗಿಯುವ ಮೊದಲೇ ಮುದುಕಿ ಬಂದೇಬಿಟ್ಟಳು. ಇಬ್ಬರೂ ಒಮ್ಮೆಲೇ ಬೆಚ್ಚಿದರು, ಮರುಕ್ಷಣವೇ ನಕ್ಕರು. "ಇನ್ನಾ ಎರಡ ದಿನಾ ಅದಾವು" ಎಂದು ದೊಡ್ಡವನು ಮತ್ತೆ ಪರದೆಗೆ ಹೆಬ್ಬೆರಳು ಹಚ್ಚಿದ.

ಆ ಆಟದ ಹೆಸರು ಗ್ರ್ಯಾನಿ. 2017ರಲ್ಲಿ ಬಂದದ್ದು. ಆಡುವವನು ಒಂದು ಹಳೆಯ ಮನೆಯೊಳಗೆ ಕಣ್ಣು ಬಿಡುತ್ತಾನೆ. ಮುಂಬಾಗಿಲಿಗೆ ಬಗೆಬಗೆಯ ಬೀಗ. ಬಿಡಿಸಿಕೊಂಡು ಹೋಗಲು ಐದು ದಿನ. ಮನೆಯಲ್ಲಿ ಓಡಾಡುವ ಮುದುಕಿಗೆ ಪ್ರತಿ ಸದ್ದೂ ಕೇಳುತ್ತದೆ. ಅಡಗಲು ಮಂಚದ ಕೆಳಗೆ ಜಾಗವಿದೆ, ಕಪಾಟಿದೆ. ಕೈಯಲ್ಲಿ ಒಂದು ಸಲಕ್ಕೆ ಒಂದೇ ವಸ್ತು. ಇನ್ನೊಂದನ್ನು ಎತ್ತಿಕೊಂಡರೆ ಮೊದಲಿನದು ನೆಲಕ್ಕೆ ಬೀಳುತ್ತದೆ. ಚಿತ್ರದ ಅಂದಚೆಂದ ಅಷ್ಟಕ್ಕಷ್ಟೆ. ಆದರೆ ಕಡಿಮೆ ಬೆಲೆಯ ಫೋನಿನಲ್ಲೂ ಓಡುತ್ತದೆ. ಪ್ಲೇಸ್ಟೇಷನ್ ಕಾಣದ ಊರುಗಳ ಹುಡುಗರಿಗೆ ಸರ್ವೈವಲ್ ಹಾರರ್ ಎಂಬ ಪ್ರಕಾರದ ಬಾಗಿಲು ತೆರೆದದ್ದು ಇಂಥ ಆಟಗಳೇ.

ಆ ಹುಡುಗರು ಬೆವರಿದ್ದು ಮುದುಕಿಯ ಮುಖ ನೋಡಿ ಎಂದು ನನಗೆ ಅನಿಸಲಿಲ್ಲ. ಆ ಮುಖ ಅವರಿಗೆ ಹಳತಾಗಿತ್ತು. ಅವರ ಜೀವ ಹಿಂಡುತ್ತಿದ್ದದ್ದು ಕೀಲಿ ಮತ್ತು ಸುತ್ತಿಗೆಯ ಲೆಕ್ಕ. ನನ್ನ ಮಟ್ಟಿಗೆ ಈ ಪ್ರಕಾರದ ರುಚಿಯೆಲ್ಲ ಇರುವುದು ಅಲ್ಲಿಯೇ. ಆಟ ಹೆದರಿಸಬೇಕು, ಹೆದರಿದವನ ಕೈಗೆ ಒಂದು ತೀರ್ಮಾನವನ್ನೂ ಕೊಡಬೇಕು, ಆ ತೀರ್ಮಾನಕ್ಕೆ ಬೆಲೆ ಇರಬೇಕು.

ಜಾತ್ರೆಗಳಲ್ಲಿ ಹಾಕುವ ಭೂತಬಂಗಲೆಯ ಡೇರೆ ಹೊಕ್ಕವರಿಗೆ ಇದರ ಇನ್ನೊಂದು ಮಗ್ಗುಲು ಗೊತ್ತು. ಕತ್ತಲೆ, ಕಿರುಚಾಟ, ಕಪ್ಪು ಪರದೆಯ ಹಿಂದಿನಿಂದ ಚಾಚುವ ಒಂದು ಕೈ. ಮೊದಲ ಸಲ ಎದೆ ಝಲ್ಲೆನ್ನುತ್ತದೆ. ಎರಡನೆಯ ಸಲ ಆ ಕೈ ಎಲ್ಲಿಂದ ಬರುತ್ತದೆಂದು ಗೊತ್ತಿರುತ್ತದೆ, ಮೂರನೆಯ ಸಲ ಯಾರೂ ರೊಕ್ಕ ಕೊಟ್ಟು ಹೋಗುವುದಿಲ್ಲ. ಆ ಡೇರೆಯಲ್ಲಿ ನಾವು ಮಾಡುವಂಥದ್ದು ಏನೂ ಇಲ್ಲ, ನಡೆದುಕೊಂಡು ಹೋಗಿ ಆಚೆ ಬಿದ್ದರಾಯಿತು. ಒಮ್ಮೆಲೇ ಸದ್ದು ಮಾಡಿ ಬೆಚ್ಚಿಬೀಳಿಸುವುದನ್ನೇ ನೆಚ್ಚಿಕೊಂಡ ವಿಡಿಯೊ ಗೇಮುಗಳ ಪಾಡೂ ಇದೇ. ಅವುಗಳನ್ನು ಮುಗಿಸಿದವರು ಮತ್ತೊಮ್ಮೆ ಆಡಿದ್ದನ್ನು ನಾನು ಕಂಡಿದ್ದು ಕಡಿಮೆ.

ಭಯದಿಂದ ರಸ ಹುಟ್ಟುತ್ತದೆ ಎಂಬುದು ನಮ್ಮಲ್ಲಿ ಬಹಳ ಹಿಂದಿನ ತಿಳಿವಳಿಕೆ. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅದನ್ನು ಹುಟ್ಟಿಸುವ ಕಾರಣಗಳ ಸಾಲಿನಲ್ಲಿ ವಿಕಾರವಾದ ಸದ್ದು, ಭೂತಪ್ರೇತಗಳ ದರ್ಶನ, ನರಿ ಮತ್ತು ಗೂಗೆಗಳ ಕೂಗು ಬರುತ್ತವೆ. ಬರಿದಾದ ಮನೆ ಮತ್ತು ಅಡವಿಯೂ ಬರುತ್ತವೆ. ಬರಿದಾದ ಮನೆ! ಈ ಪ್ರಕಾರದ ಮೊದಮೊದಲ ದೊಡ್ಡ ಆಟಗಳು ಹುಟ್ಟಿದ್ದು ಅಲ್ಲಿಯೇ. ಜಪಾನಿನ ಕ್ಯಾಪ್‌ಕಾಮ್ 1989ರಲ್ಲಿ ತಂದ ಸ್ವೀಟ್ ಹೋಮ್, ಫ್ರಾನ್ಸಿನಿಂದ 1992ರಲ್ಲಿ ಬಂದ ಅಲೋನ್ ಇನ್ ದ ಡಾರ್ಕ್, ಶಿಂಜಿ ಮಿಕಾಮಿ ನಿರ್ದೇಶಿಸಿದ 1996ರ ರೆಸಿಡೆಂಟ್ ಈವಿಲ್, ಮೂರೂ ಒಂದು ಮನೆಯೊಳಗೆ ಸಿಕ್ಕಿಬಿದ್ದವರ ಕಥೆ. ಸರ್ವೈವಲ್ ಹಾರರ್ ಎಂಬ ಹೆಸರು ಲೋಕದ ಬಾಯಿಗೆ ಬಂದದ್ದು ಕೊನೆಯದರಿಂದ.

ರೆಸಿಡೆಂಟ್ ಈವಿಲ್‌ನ ಜಿಪುಣತನ ನೋಡಬೇಕು. ಕ್ರಿಸ್ ಎಂಬ ಪಾತ್ರ ಹೊತ್ತುಕೊಳ್ಳಬಹುದಾದ ವಸ್ತುಗಳು ಆರು, ಜಿಲ್ ಎಂಬಾಕೆ ಎಂಟು. ಬಂದೂಕು ಒಂದು ಜಾಗ ಹಿಡಿಯುತ್ತದೆ, ಗುಂಡು ಇನ್ನೊಂದು, ಗಾಯಕ್ಕೆ ಹಚ್ಚುವ ಗಿಡಮೂಲಿಕೆ ಮತ್ತೊಂದು. ಬಾಗಿಲ ಕೀಲಿಗೂ ಜಾಗ ಬೇಕು. ಅಲ್ಲಿಯವರೆಗಿನ ಆಟವನ್ನು ಉಳಿಸಿಕೊಳ್ಳಲು ಟೈಪ್‌ರೈಟರ್ ಹುಡುಕಬೇಕು, ಅದಕ್ಕೆ ರಿಬ್ಬನ್ ಬೇಕು, ರಿಬ್ಬನ್ನುಗಳೂ ಎಣಿಸಿದಷ್ಟೇ. ಉಳಿಸಿಕೊಂಡು ಬಹಳ ಹೊತ್ತಾಗಿದೆ, ಸತ್ತರೆ ಅಷ್ಟೂ ಹೊತ್ತಿನ ಆಟ ನೀರುಪಾಲು, ಆದರೆ ಇರುವುದು ಕಡೆಯ ರಿಬ್ಬನ್. ಇಂಥ ಹೊತ್ತಿನಲ್ಲಿ ಎದುರಿಗಿನ ಬಾಗಿಲು ತೆರೆಯಲು ಕೈ ನಡುಗುತ್ತದೆ. ಬಾಗಿಲ ಹಿಂದೆ ಏನೂ ಇಲ್ಲದಿರಬಹುದು. ಕಳೆದುಕೊಳ್ಳುವಂಥದ್ದು ನಮ್ಮ ಬಳಿ ಇದೆಯಲ್ಲ, ನಡುಕಕ್ಕೆ ಅಷ್ಟು ಸಾಕು.

2002ರಲ್ಲಿ ಇದೇ ಆಟವನ್ನು ಹೊಸದಾಗಿ ಕಟ್ಟಿದಾಗ ಸೇರಿಸಿದ ಒಂದು ಕಟ್ಟಳೆ ನನಗೆ ಈ ಇಡೀ ಪ್ರಕಾರದಲ್ಲೇ ಹೆಚ್ಚು ಇಷ್ಟ. ಕೊಂದು ಕೆಡವಿದ ಹೆಣವನ್ನು ಹಾಗೇ ಬಿಟ್ಟರೆ ಅದು ಮುಂದೆ ಯಾವಾಗಲೋ ಮೊದಲಿಗಿಂತ ವೇಗವಾಗಿ, ಮೊದಲಿಗಿಂತ ಕ್ರೂರವಾಗಿ ಎದ್ದು ಬರುತ್ತದೆ. ಏಳದಂತೆ ಮಾಡಲು ತಲೆ ಹಾರಿಸಬೇಕು, ಇಲ್ಲವೇ ಚಿಮಣಿ ಎಣ್ಣೆ ಸುರಿದು ಸುಡಬೇಕು. ಎಣ್ಣೆ ಕೆಲವೇ ಕಡೆ ಸಿಗುತ್ತದೆ, ಒಯ್ಯುವ ಡಬ್ಬಿಯಲ್ಲಿ ಹಿಡಿಯುವುದೂ ಸ್ವಲ್ಪ. ಆಗ ಆಡುವವನು ಮೊಗಸಾಲೆಯಲ್ಲಿ ನಿಂತು ಯೋಚಿಸುತ್ತಾನೆ: ಈ ದಾರಿಯಲ್ಲಿ ಮತ್ತೆ ಎಷ್ಟು ಸಲ ಹಾಯಬೇಕಾದೀತು? ಊಟದ ಕೋಣೆಗೆ ಇದೇ ದಾರಿ, ಮೇಲಟ್ಟಕ್ಕೂ ಇದೇ ದಾರಿ, ಹಾಗಾದರೆ ಸುಡೋಣ. ಆ ಮೂಲೆಯ ಕೋಣೆಗೆ ಮತ್ತೆ ಹೋಗುವ ಕೆಲಸವಿಲ್ಲ, ಅಲ್ಲಿಯದು ಬಿದ್ದಿರಲಿ. ಎಷ್ಟೋ ಹೊತ್ತಿನ ಮೇಲೆ ಮರೆತ ಕೀಲಿಗೆಂದು ಅದೇ ಮೂಲೆಯ ಕೋಣೆಗೆ ಹೋಗಬೇಕಾಗಿ ಬಂದಾಗ ಹತ್ತುವ ಭಯ ಆಟ ತಂದು ಹೇರಿದ್ದಲ್ಲ, ತಾನೇ ಬಿತ್ತಿ ಬೆಳೆದುಕೊಂಡದ್ದು.

ಇನ್ನೊಂದು ಸುಖವೂ ಇಲ್ಲಿಂದಲೇ ಹುಟ್ಟುತ್ತದೆ. ರೆಸಿಡೆಂಟ್ ಈವಿಲ್‌ನ ಬಂಗಲೆಯ ಕೀಲಿಗಳಿಗೆ ಖಡ್ಗ, ಕವಚ, ಗುರಾಣಿ, ಶಿರಸ್ತ್ರಾಣದ ಗುರುತುಗಳಿವೆ. ಮೊದಲ ಗಂಟೆಯಲ್ಲಿ ಎಲ್ಲ ಬಾಗಿಲೂ ಒಂದೇ ಥರ ಕಾಣುತ್ತವೆ, ಎಲ್ಲಿ ಹೊಕ್ಕು ಎಲ್ಲಿ ಹೊರಬಿದ್ದೆವೆಂದು ತಿಳಿಯುವುದಿಲ್ಲ. ಐದಾರು ಗಂಟೆ ಕಳೆಯುವಷ್ಟರಲ್ಲಿ ಯಾವ ತಿರುವಿನಲ್ಲಿ ಕಿಟಕಿ ಒಡೆದು ನಾಯಿ ನುಗ್ಗುತ್ತದೆ, ಯಾವ ಮೆಟ್ಟಿಲ ಕೆಳಗೆ ಜೀವ ಹಿಡಿದು ಕೂರಬಹುದು, ಯಾವ ಹಿಂಬಾಗಿಲು ತೆಗೆದರೆ ಅರ್ಧ ದಾರಿ ಉಳಿಯುತ್ತದೆ ಎಂಬುದೆಲ್ಲ ಬಾಯಿಪಾಠ. ಹೆದರಿಸಿದ ಮನೆ ತನ್ನದಾಗಿರುತ್ತದೆ. ಭಜಿ ಅಂಗಡಿಯ ಹಿಂದೆ ಕೂತ ಸಣ್ಣವನಿಗೆ ಮುದುಕಿಯ ಮನೆಯ ಯಾವ ಹಲಗೆ ಕಿರುಗುಟ್ಟುತ್ತದೆಂದು ತನ್ನ ಮನೆಯ ಪಡಸಾಲೆಗಿಂತ ಚೆನ್ನಾಗಿ ಗೊತ್ತಿತ್ತು. ಅಣ್ಣನಿಗೆ ಅದನ್ನು ಹೇಳಿಕೊಡುವಾಗ ಅವನ ದನಿಯಲ್ಲಿದ್ದ ಹೆಮ್ಮೆ ನಾನು ಮರೆತಿಲ್ಲ.

ಸದ್ದಿನ ವಿಷಯಕ್ಕೆ ಬಂದರೆ, ಕೊನಾಮಿಯ ಸೈಲೆಂಟ್ ಹಿಲ್ (1999) ಮಾಡಿದ್ದನ್ನು ಮೀರಿಸಿದವರು ಕಡಿಮೆ. ಅಂದಿನ ಪ್ಲೇಸ್ಟೇಷನ್ನಿಗೆ ಊರಿಗೆ ಊರನ್ನೇ ದೂರದವರೆಗೆ ಬಿಡಿಸಿ ತೋರಿಸುವ ಶಕ್ತಿ ಇರಲಿಲ್ಲ. ತಯಾರಕರು ಊರ ತುಂಬ ಮಂಜು ಸುರಿದು ಆ ಕೊರತೆಯನ್ನು ಮುಚ್ಚಿದರು. ನಾಲ್ಕು ಮಾರು ಆಚೆ ಏನಿದೆಯೋ ಕಾಣದು. ಕಳೆದುಹೋದ ಮಗಳನ್ನು ಹುಡುಕುತ್ತ ಹೊರಟ ಒಬ್ಬ ಸಾಮಾನ್ಯ ತಂದೆಯ ಕೈಗೆ ಒಂದು ರೇಡಿಯೊ ಸಿಗುತ್ತದೆ. ಪೀಡೆ ಹತ್ತಿರ ಬಂದಾಗ ಅದು ಗರಗರ ಎನ್ನತೊಡಗುತ್ತದೆ. ಬರುತ್ತಿದೆ ಎಂಬುದು ಗೊತ್ತು, ಯಾವ ದಿಕ್ಕಿನಿಂದ ಎಂಬುದು ಗೊತ್ತಿಲ್ಲ. ಅರ್ಧ ತಿಳಿದವನ ಭಯಕ್ಕೆ ಏನೂ ತಿಳಿಯದವನ ಭಯ ಸಾಟಿಯಲ್ಲ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2010ರಲ್ಲಿ ತಂದ ಅಮ್ನೀಸಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಯುಧವನ್ನೇ ಕಿತ್ತುಕೊಂಡಿತು. ಕತ್ತಲೆಯಲ್ಲಿ ಹೆಚ್ಚು ಹೊತ್ತು ನಿಂತರೆ ಪಾತ್ರದ ಬುದ್ಧಿ ಕಲಕುತ್ತದೆ, ಕಂದೀಲು ಹಚ್ಚಿದರೆ ಎಣ್ಣೆ ತೀರುತ್ತದೆ, ಮೇಲಾಗಿ ಬೆಳಕಿಗೆ ನಾವು ಪೀಡೆಯ ಕಣ್ಣಿಗೆ ಬೀಳುತ್ತೇವೆ. ಯಾವುದನ್ನು ಆರಿಸಿಕೊಂಡರೂ ನಷ್ಟ. ಕಡಿಮೆ ನಷ್ಟ ಯಾವುದು ಎಂದು ಕ್ಷಣಕ್ಷಣಕ್ಕೂ ತೂಗಬೇಕು.

ತೂಗುವ ಕೆಲಸಕ್ಕೆ ತಕ್ಕಡಿ ನೆಟ್ಟಗಿರಬೇಕು, ಅಂದರೆ ಆಟ ಮೋಸ ಮಾಡಬಾರದು. ಇದನ್ನು ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿಯ ಏಲಿಯನ್: ಐಸೊಲೇಷನ್ (2014) ಬಹಳ ಜಾಣತನದಿಂದ ಸಾಧಿಸಿತು. ಅದರಲ್ಲಿ ಅಟ್ಟಿಸಿಕೊಂಡು ಬರುವ ಪ್ರಾಣಿಗೆ ಎರಡು ಮಿದುಳುಗಳಿವೆ ಎನ್ನಬಹುದು. ತೆರೆಮರೆಯ ನಿರ್ದೇಶಕನಂಥ ಒಂದು ವ್ಯವಸ್ಥೆಗೆ ಆಡುವವನು ಎಲ್ಲಿದ್ದಾನೆಂದು ಸದಾ ಗೊತ್ತು. ಆದರೆ ಅದು ಪ್ರಾಣಿಗೆ "ಆ ಕಡೆ ಹುಡುಕು" ಎಂಬಷ್ಟೇ ಸುಳಿವು ಕೊಡುತ್ತದೆ. ಅಲ್ಲಿಂದ ಮುಂದೆ ಪ್ರಾಣಿ ತನ್ನ ಕಣ್ಣು, ಕಿವಿಗಳಿಂದಲೇ ಹುಡುಕಬೇಕು. ಹಾಗಾಗಿ ಸಿಕ್ಕಿಬಿದ್ದವನಿಗೆ ತಾನು ಓಡಿದ್ದು ತಪ್ಪಾಯಿತು, ಬಾಗಿಲ ಸದ್ದು ಮಾಡಿದ್ದು ತಪ್ಪಾಯಿತು ಎಂದು ತಿಳಿಯುತ್ತದೆ. ಬಹಳ ಹೊತ್ತು ಪ್ರಾಣಿ ಹತ್ತಿರವೇ ಸುಳಿದಾಡಿದರೆ ಅದೇ ವ್ಯವಸ್ಥೆ ಅದನ್ನು ದೂರ ಕಳಿಸಿ, ಅಡಗಿದವನಿಗೆ ಉಸಿರಾಡಲು ಬಿಡುತ್ತದೆ. ಸತ್ತವನು "ಇದು ನನ್ನ ತಪ್ಪು" ಎಂದುಕೊಳ್ಳಬೇಕು. "ಆಟವೇ ಹಾಳು" ಎಂದನೋ, ಅವನು ಮರಳಿ ಬರುವುದಿಲ್ಲ.

ಉಸಿರಾಡಲು ಬಿಡುವ ಈ ಕಲೆ ಕಂಪನಿ ನಾಟಕದವರಿಗೆ ಕರತಲಾಮಲಕ. ಬನಶಂಕರಿಯಲ್ಲಿ ಒಂದು ಆಟ ನೋಡಿದರೆ ಸಾಕು. ಅತ್ತೆಯ ಕಾಟಕ್ಕೆ ಸೊಸೆ ಗೋಳಾಡುವ ದೃಶ್ಯ ಮುಗಿದು ಪರದೆ ಬಿದ್ದದ್ದೇ ಹಾಸ್ಯನಟ ನುಗ್ಗುತ್ತಾನೆ. ಕಣ್ಣೀರು ಒರೆಸಿಕೊಳ್ಳುತ್ತಿದ್ದ ಹೆಣ್ಣುಮಕ್ಕಳೇ ಹೊಟ್ಟೆ ಹಿಡಿದು ನಗುತ್ತಾರೆ. ನಕ್ಕು ಹಗುರಾದ ಮನಸ್ಸಿಗೆ ಮುಂದಿನ ದುಃಖ ಇನ್ನೂ ಆಳಕ್ಕೆ ಇಳಿಯುತ್ತದೆ. ರೆಸಿಡೆಂಟ್ ಈವಿಲ್‌ನಲ್ಲಿ ಟೈಪ್‌ರೈಟರ್ ಇರುವ ಕೋಣೆ ಇದೇ ಕೆಲಸ ಮಾಡುತ್ತದೆ. ಅಲ್ಲಿ ಪೀಡೆಗಳ ಕಾಟವಿಲ್ಲ, ಮೆಲ್ಲನೆಯ ಸಂಗೀತವಿದೆ, ಹೆಚ್ಚಿನ ಸಾಮಾನು ಇಡಲು ಒಂದು ಪೆಟ್ಟಿಗೆಯಿದೆ. ಆಡುವವರು ಅಲ್ಲಿ ಬೇಕೆಂದೇ ತಡಮಾಡುತ್ತಾರೆ. ಪೆಟ್ಟಿಗೆಯೊಳಗಿನ ವಸ್ತುಗಳನ್ನು ತೆಗೆದಿಡುತ್ತಾರೆ, ಗುಂಡು ಎಣಿಸುತ್ತಾರೆ, ಒಂದು ಮೂಲಿಕೆಗೆ ಇನ್ನೊಂದನ್ನು ಬೆರೆಸುತ್ತಾರೆ. ಹೊರಗೆ ಹೋಗಲೇಬೇಕು ಎಂಬುದು ಆ ಹೊತ್ತಿನಲ್ಲಿ ಗೊತ್ತಾಗುವಷ್ಟು ಕಾದಾಟದ ನಡುವೆಯೂ ಗೊತ್ತಾಗುವುದಿಲ್ಲ.

ಅಡಗಿ ಕೂತವನ ಪಾಡನ್ನು ನಮ್ಮ ಜಿಲ್ಲೆಯ ಕವಿ ಹತ್ತನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಮುಧೋಳದ ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಎಲ್ಲರನ್ನೂ ಕಳೆದುಕೊಂಡು, ಹೆಣಗಳು ಚೆಲ್ಲಿದ ರಣರಂಗದಲ್ಲಿ ಸಂಜಯನ ಜೊತೆ ನಡೆಯುತ್ತಾನೆ. ದಾರಿಯಲ್ಲಿ ಮರುಳುಗಳು ಎದುರಾಗುತ್ತವೆ. ಕೊನೆಗೆ ವೈಶಂಪಾಯನ ಸರೋವರದ ನೀರೊಳಗೆ ಅಡಗುತ್ತಾನೆ. ಆ ದಿನವೊಂದು ಕಳೆದರೆ ಬದುಕಿದ. ಆದರೆ ದಡದಲ್ಲಿ ನಿಂತು ಭೀಮ ಗರ್ಜಿಸುತ್ತಾನೆ, ನೀರೊಳಗಿದ್ದವನು ಅಲ್ಲಿಯೇ ಬೆವರುತ್ತಾನೆ, ತಡೆಯಲಾರದೆ ಎದ್ದು ಬರುತ್ತಾನೆ. ಈ ಭಾಗವನ್ನು ಓದುವಾಗಲೆಲ್ಲ ನನಗೆ ಅನಿಸುವುದು, ರನ್ನನ ಕಸುಬುಗಾರಿಕೆ ಇರುವುದು ದುರ್ಯೋಧನನ ಕೈಯಲ್ಲಿ ಆಯ್ಕೆಯನ್ನು ಉಳಿಸಿದ್ದರಲ್ಲಿ ಎಂದು. ಸುಮ್ಮನಿದ್ದರೆ ಉಳಿಯುತ್ತಾನೆ, ಎದ್ದರೆ ಛಲ ಉಳಿಯುತ್ತದೆ. ಓದುಗ ಅವನ ಜೊತೆ ನೀರೊಳಗೆ ಉಸಿರು ಹಿಡಿದಿರುತ್ತಾನೆ.

ಭಯ ಎಷ್ಟಿದ್ದರೆ ಹಿತ ಎಂಬುದನ್ನು ಅಳೆದವರೂ ಇದ್ದಾರೆ. ಡೆನ್ಮಾರ್ಕಿನ ಆರ್‌ಹಸ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಭೂತಬಂಗಲೆಗೆ ಹೋದ 110 ಜನರ ಎದೆಬಡಿತ ಅಳೆದು, ಅವರ ಅನುಭವ ಕೇಳಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆದರಿಕೆ ತೀರಾ ಕಡಿಮೆಯಾದಾಗಲೂ ತೀರಾ ಹೆಚ್ಚಾದಾಗಲೂ ಸಂತೋಷ ಇಳಿದಿತ್ತು, ನಡುವೆ ಎಲ್ಲೋ ಏರಿತ್ತು. ಆ ನಡು ಎಲ್ಲರಿಗೂ ಒಂದೇ ಕಡೆ ಇರುವುದಿಲ್ಲ. ಹನ್ನೆರಡರ ಹುಡುಗನಿಗೆ ಹಿತವಾದದ್ದು ಆರರ ತಂಗಿಗೆ ನಿದ್ದೆಗೇಡು. ಪಕ್ಕದಲ್ಲಿ ಕೂತು ನೋಡುವ ಸಣ್ಣ ಮಕ್ಕಳ ಬಗ್ಗೆ ಮನೆಯವರು ಎಚ್ಚರವಾಗಿರಬೇಕು.

ಜಿಪುಣತನ ಕೈಬಿಟ್ಟಾಗ ಏನಾಗುತ್ತದೆಂದು ನೋಡಲು ರೆಸಿಡೆಂಟ್ ಈವಿಲ್ ಸರಣಿಯೇ ಸಾಕು. 2012ರ ಆರನೆಯ ಭಾಗದ ಹೊತ್ತಿಗೆ ಗುಂಡಿನ ಸುರಿಮಳೆ, ಸ್ಫೋಟ, ಬೆನ್ನಟ್ಟುವಿಕೆಗಳೇ ತುಂಬಿ ಅದೊಂದು ಸಾಹಸದ ಸಿನಿಮಾದಂತಾಯಿತು. ಹಳೆಯ ಅಭಿಮಾನಿಗಳು ಬೇಸತ್ತರು. 2017ರ ಏಳನೆಯ ಭಾಗದಲ್ಲಿ ಕ್ಯಾಪ್‌ಕಾಮ್ ಮತ್ತೆ ಒಂದು ಪಾಳು ಮನೆಗೆ, ಬರಿಗೈಯ ಒಬ್ಬ ಸಾಮಾನ್ಯ ಮನುಷ್ಯನಿಗೆ ಮರಳಿತು. ಆಗ ಭಯವೂ ಮರಳಿತು.

ಇಷ್ಟೆಲ್ಲ ಜಪಾನ್, ಸ್ವೀಡನ್, ಇಂಗ್ಲೆಂಡ್ ಆಯಿತು. ನಮ್ಮಲ್ಲಿ? ಧ್ರುವ ಇಂಟರ್ಯಾಕ್ಟಿವ್ ಎಂಬ ಗೇಮ್ ಕಂಪನಿ ಬೆಂಗಳೂರಿನಲ್ಲಿ ಹುಟ್ಟಿದ್ದು 1997ರಲ್ಲಿ. ಅನಿಮೇಷನ್, ಗೇಮಿಂಗ್‌ಗಳಿಗೆಂದೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ಕರ್ನಾಟಕ, 2012ರಲ್ಲಿ. ಹೊರದೇಶದ ದೊಡ್ಡ ದೊಡ್ಡ ಆಟಗಳ ಮರ, ಕಲ್ಲು, ಕಾರುಗಳನ್ನು ಬಿಡಿಸಿಕೊಟ್ಟ ಕೈಗಳು ಇಲ್ಲಿವೆ. ಆ ಕೈಗಳು ಉತ್ತರ ಕರ್ನಾಟಕದ ಒಂದು ವಾಡೆಯನ್ನು ಬಿಡಿಸಲಿ ಎಂಬುದು ನನ್ನ ಬಹುದಿನದ ಆಸೆ. ಅಗಳಿ ಹಾಕಿದ ದೊಡ್ಡ ಬಾಗಿಲು, ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಒಂದು ಕೋಲು ಬೆಳದಿಂಗಳು, ಮಾಡದಲ್ಲಿ ಆರಿದ ಚಿಮಣಿ, ನೆಲದಡಿ ಕಾಳು ತುಂಬುವ ಹಗೇವು. ಹಗೇವಿನೊಳಗೆ ಅಡಗಬಹುದು, ಆದರೆ ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ, ಇಳಿದವರು ಉಸಿರುಗಟ್ಟಿ ಸಾಯುತ್ತಾರೆ. ಮುದುಕಿಯ ಮಂಚದ ಕೆಳಗೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಇಲ್ಲಿ ಅಡಗುತಾಣವೇ ಕೊಲ್ಲತೊಡಗುತ್ತದೆ.

ವಾಡೆಯೂ ಬೇಡ, ಮಲಪ್ರಭೆಯ ದಂಡೆಯ ಕಬ್ಬಿನ ಹೊಲ ಸಾಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ರಾತ್ರಿಯೇ ಹೋಗಿ ನೀರು ಹಾಯಿಸಬೇಕು. ಕಾಲ ಕೆಳಗೆ ಹಾವು ಇರಬಹುದು, ಕಬ್ಬಿನೊಳಗೆ ಇನ್ನೇನೋ ಇರಬಹುದು. ಇದು ಅವನಿಗೆ ಆಟವಲ್ಲ, ಆದ್ದರಿಂದ ಇದನ್ನು ಆಟ ಮಾಡುವವರು ಅವನ ಜೊತೆ ಒಂದು ರಾತ್ರಿಯಾದರೂ ಬದುವಿನ ಮೇಲೆ ನಿಂತು ಬರಬೇಕು. ಕರೆಂಟು ಹೋಗುವ ಮೊದಲು ಅಷ್ಟೂ ಸಾಲಿಗೆ ನೀರು ಮುಟ್ಟಬೇಕು. ಮೋಟಾರು ಓಡುತ್ತಿದ್ದರೆ ಕಬ್ಬಿನೊಳಗಿನ ಸರಸರ ಕೇಳುವುದಿಲ್ಲ, ಕೇಳಬೇಕೆಂದು ಮೋಟಾರು ನಿಲ್ಲಿಸಿದರೆ ನೀರು ಸಾಲಿನ ನಡುವೆಯೇ ನಿಲ್ಲುತ್ತದೆ. ಬ್ಯಾಟರಿ ಹಚ್ಚಿದರೆ ದಾರಿ ಕಾಣುತ್ತದೆ, ದಾರಿಯಲ್ಲಿರುವುದಕ್ಕೆ ನಾವೂ ಕಾಣುತ್ತೇವೆ. ಪೀಡೆ ಯಾವುದೆಂಬುದನ್ನು ಆಮೇಲೆ ನೋಡಿಕೊಂಡರಾಯಿತು. ಬದಾಮಿ, ಇಳಕಲ್ಲು, ಹುನಗುಂದದ ಕಡೆಯಿಂದ ಬೆಂಗಳೂರಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಿರುವ ಹುಡುಗ ಹುಡುಗಿಯರಿಗೆ ಇದನ್ನು ನಾನು ವಿವರಿಸಿ ಹೇಳಬೇಕಾಗಿಲ್ಲ. ಮೊದಲ ದಿನ ಕೂತು ಆ ಬ್ಯಾಟರಿಗೆ ಎಷ್ಟು ಚಾರ್ಜ್ ಕೊಡಬೇಕು ಎಂಬುದರ ಮೇಲೆ ಅವರು ಜಗಳಾಡಲಿ.